ನಡುವಿನ ತೂಕದ ಗ್ರಹಗಳು ಎಲ್ಲಿ ಹೋದವು?

ಪ್ರಶ್ನೆ: ತಮ್ಮ ನಕ್ಷತ್ರಕ್ಕೆ ತೀರಾ ಹತ್ತಿರ ಸುತ್ತುವ ಗ್ರಹಗಳಲ್ಲಿ ಗುರುವಿನಂಥ ದೈತ್ಯಗಳೂ ಇವೆ, ಭೂಮಿಯಂಥ ಪುಟಾಣಿಗಳೂ ಇವೆ, ನೆಪ್ಚೂನಿನಷ್ಟು ತೂಗುವವು ಮಾತ್ರ ಅಪರೂಪ ಎಂದು ಓದಿದೆ. ಅವು ನಮ್ಮ ಉಪಕರಣಗಳಿಗೆ ಸಿಗುತ್ತಿಲ್ಲವೋ, ನಿಜಕ್ಕೂ ಇಲ್ಲವೋ?

ಉತ್ತರ: ನಿಜಕ್ಕೂ ಇಲ್ಲ, ಇದ್ದರೂ ಬೆರಳೆಣಿಕೆಯಷ್ಟು. ಲೆಕ್ಕ ಹಾಕಿದರೆ ಇದು ಗೊತ್ತಾಗುತ್ತದೆ. ಸೂರ್ಯನಷ್ಟೇ ತೂಗುವ ನಕ್ಷತ್ರವನ್ನು 3 ದಿನಕ್ಕೊಮ್ಮೆ ಸುತ್ತುವ ಗುರು ಆ ನಕ್ಷತ್ರವನ್ನು ಸೆಕೆಂಡಿಗೆ ಸುಮಾರು 140 ಮೀಟರ್ ವೇಗದಲ್ಲಿ ಹಿಂದೆ ಮುಂದೆ ಎಳೆದಾಡುತ್ತದೆ. ಅದೇ ಜಾಗದಲ್ಲಿ ನೆಪ್ಚೂನ್ ಇದ್ದರೆ 7ರಿಂದ 8 ಮೀಟರ್, ಭೂಮಿಯಾದರೆ ಅರ್ಧ ಮೀಟರಿಗೂ ಕಡಿಮೆ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ (ರೋಹಿತವಾಗಿ) ಬಿಡಿಸಿ ಈ ವೇಗವನ್ನು ಅಳೆಯುವ ಒಳ್ಳೆಯ ರೋಹಿತಮಾಪಕಗಳು 1 ಮೀಟರ್ ಏರಿಳಿತವನ್ನೂ ಹಿಡಿಯುತ್ತವೆ. ಗ್ರಹ ಅಡ್ಡ ಹಾಯುವಾಗ ನಕ್ಷತ್ರದ ಬೆಳಕು ಎಷ್ಟು ಕುಗ್ಗುತ್ತದೆ ಎಂದು ನೋಡಿದರೂ ಅಷ್ಟೇ: ನೆಪ್ಚೂನಿಗೆ ಶೇ. 0.13, ಭೂಮಿಗೆ ಶೇ. 0.008. ಕೆಪ್ಲರ್ ದೂರದರ್ಶಕ ಎರಡನೆಯದನ್ನೇ ಹುಡುಕಿ ತೆಗೆದಿರುವಾಗ ಮೊದಲನೆಯದು ತಪ್ಪಿಸಿಕೊಂಡಿತು ಎನ್ನಲಾಗದು.

ಸುತ್ತಿನ ಅವಧಿಯನ್ನು ಅಡ್ಡಕ್ಕೆ, ತೂಕವನ್ನು ಮೇಲಕ್ಕೆ ಇಟ್ಟು ಗ್ರಹಗಳ ನಕ್ಷೆ ಬರೆದರೆ ಕಾಣುವ ಈ ಖಾಲಿ ಜಾಗಕ್ಕೆ ‘ನೆಪ್ಚೂನ್ ಮರುಭೂಮಿ’ ಎಂದೇ ಹೆಸರು. ಕೆಳಗಿನ ಅಂಚಿಗೆ ಕಾರಣ ಬಹುಮಟ್ಟಿಗೆ ಸ್ಪಷ್ಟ. ಎಳೆಯ ನಕ್ಷತ್ರದ ಎಕ್ಸ್‌ ಕಿರಣ ಮತ್ತು ಅತಿನೇರಳೆ ಕಿರಣಗಳು ಗ್ರಹದ ಹೈಡ್ರೋಜನ್ ಹೊದಿಕೆಯನ್ನು ಕಾಯಿಸಿ ಹಾರಿಸುತ್ತವೆ. ಭೂಮಿಯ 318 ಪಟ್ಟು ತೂಗುವ ಗುರು ಅದನ್ನು ಹಿಡಿದಿಟ್ಟುಕೊಳ್ಳಬಲ್ಲದು. 17 ಪಟ್ಟಿನ ನೆಪ್ಚೂನಿಗೆ ಆ ಬಲವಿಲ್ಲ, ಕೊನೆಗೆ ಬರೀ ಕಲ್ಲಿನ ತಿರುಳು ಉಳಿಯುತ್ತದೆ. ಕೆಪ್ಲರ್-78ಬಿ (ಅಲ್ಲಿ ವರ್ಷವೆಂದರೆ ಎಂಟೂವರೆ ಗಂಟೆ!) ಹಾಗೆ ಉಳಿದ ತಿರುಳಿರಬಹುದು. ಮೇಲಿನ ಅಂಚಿನದು ಬೇರೆ ಕಥೆ. ಅಲ್ಲಿ ಈ ವಿವರಣೆ ಸಾಲದು. ದೂರದಲ್ಲಿ ಹುಟ್ಟಿದ ದೈತ್ಯಗಳು ಒಳಗೆ ಬರುವಾಗ ಹಗುರವಾದವು ಉಬ್ಬರದ ಸೆಳೆತಕ್ಕೆ (ಗ್ರಹದ ಹತ್ತಿರದ ಬದಿಯನ್ನು ನಕ್ಷತ್ರ ಆಚೆ ಬದಿಗಿಂತ ಜೋರಾಗಿ ಎಳೆಯುವುದು) ಸಿಕ್ಕಿ ಹರಿದುಹೋಗುತ್ತವೆ, ಹಾಗಾಗಿ ನಕ್ಷತ್ರದ ಪಕ್ಕಕ್ಕೆ ಹೋದಷ್ಟೂ ಭಾರವಾದವೇ ಉಳಿಯುತ್ತವೆ ಎಂಬ ವಾದ ನಮಗೆ ಹೆಚ್ಚು ಒಪ್ಪಿಗೆ. ಒಂದು ದಿನದೊಳಗೇ ಸುತ್ತು ಮುಗಿಸುವ ವಾಸ್ಪ್-18ಬಿ ಗುರುವಿನ ಸುಮಾರು 10 ಪಟ್ಟು ತೂಗುತ್ತದೆ. ಆದರೆ ಎಲ್‌ಟಿಟಿ 9779ಬಿ ಎಂಬ ತಂಟೆಕೋರ ಗ್ರಹ ಭೂಮಿಯ ಸುಮಾರು 29 ಪಟ್ಟು ತೂಗುತ್ತಾ, 19 ಗಂಟೆಗೊಂದು ಸುತ್ತು ಹಾಕುತ್ತಾ, ಹೊದಿಕೆಯನ್ನೂ ಉಳಿಸಿಕೊಂಡು ಮರುಭೂಮಿಯ ನಡುವೆಯೇ ಕೂತಿದೆ.

ಪ್ರಶ್ನೆ: ಪಟ್ಟಿಗಳಲ್ಲಿ ಕೆಲವು ಗ್ರಹಗಳ ದ್ರವ್ಯರಾಶಿಯ ಪಕ್ಕ ‘ಕನಿಷ್ಠ’ ಎಂದೇಕೆ ಇರುತ್ತದೆ?

ಉತ್ತರ: ರೋಹಿತದಲ್ಲಿ ಕಾಣುವುದು ನಮ್ಮತ್ತ ಬರುವ, ನಮ್ಮಿಂದ ದೂರ ಸರಿಯುವ ವೇಗ ಮಾತ್ರ. ಕಕ್ಷೆಯನ್ನು ಅಂಚಿನಿಂದ ನೋಡುತ್ತಿದ್ದರೆ (ಓರೆ 90 ಡಿಗ್ರಿ) ಪೂರ್ತಿ ವೇಗ ಸಿಗುತ್ತದೆ. ಓರೆ 30 ಡಿಗ್ರಿಯಾದರೆ ಅರ್ಧ ಮಾತ್ರ, ಅಂದರೆ ನಿಜವಾದ ತೂಕ ಪಟ್ಟಿಯಲ್ಲಿರುವುದರ ಎರಡು ಪಟ್ಟು. 1995ರಲ್ಲಿ ಪತ್ತೆಯಾದ 51 ಪೆಗಾಸಿ ಬಿಗೆ ಮೊದಲು ಕೊಟ್ಟದ್ದೂ ಕನಿಷ್ಠ ತೂಕವೇ, ಗುರುವಿನ ಅರ್ಧದಷ್ಟು. ನಕ್ಷತ್ರಕ್ಕೆ ಅಡ್ಡ ಹಾಯುವ ಗ್ರಹಗಳಲ್ಲಿ ಈ ತೊಡಕಿಲ್ಲ, ಅಲ್ಲಿ ಓರೆ 90ರ ಆಸುಪಾಸಿನಲ್ಲೇ ಇರುತ್ತದೆ. ನಕ್ಷೆ ಬರೆಯುವಾಗ ಕನಿಷ್ಠ ತೂಕ, ನಿಜ ತೂಕ ಎರಡನ್ನೂ ಒಂದೇ ಗುರುತಿನಲ್ಲಿ ಹಾಕಬೇಡಿ, ಮರುಭೂಮಿಯ ಅಂಚು ಮಸುಕಾಗುತ್ತದೆ. ಇನ್ನೊಂದು ಮಾತು: ಸುತ್ತಿನ ಅವಧಿ ನಕ್ಷತ್ರ ತನ್ನ ಅಕ್ಷದ ಮೇಲೆ ತಿರುಗುವ ಅವಧಿಗೋ ಅದರ ಅರ್ಧಕ್ಕೋ ಹೊಂದಿಕೊಂಡರೆ ಸಂಶಯಪಡಿ. ನಕ್ಷತ್ರದ ಕಲೆಗಳೂ ಸೆಕೆಂಡಿಗೆ ಕೆಲವು ಮೀಟರ್‌ಗಳ ಸುಳ್ಳು ಏರಿಳಿತ ತೋರಿಸಬಲ್ಲವು.