ಕಾರ್ಡಿನ ಮಿತಿ ಏರಿಸಿದರೆ ಸಾಕೇ?

ತುಮಕೂರು ಜಿಲ್ಲೆಯ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ನಮಗೆ ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಅಣ್ಣನವರಿಗೆ ಬಹುಕಾಲದಿಂದ ಸಕ್ಕರೆ ಕಾಯಿಲೆ ಇತ್ತು. ಈಗ ಮೂತ್ರಪಿಂಡಗಳು ಸೋತು ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್ ನಡೆಯುತ್ತಿದೆ. ಸರ್ಕಾರದ ಉಚಿತ ಚಿಕಿತ್ಸೆಯ ಆರೋಗ್ಯ ಕಾರ್ಡಿನ 5 ಲಕ್ಷ ರೂಪಾಯಿಯ ಮಿತಿಯನ್ನು 10 ಲಕ್ಷಕ್ಕೆ ಏರಿಸಬೇಕು, ತಮ್ಮ ಮಗನಿರುವ ಅಮೆರಿಕದಂತೆ ದೀರ್ಘಕಾಲದ ರೋಗಿಗಳ ನಿರ್ವಹಣೆಯನ್ನು ವಿಮಾ ಕಂಪನಿಗಳಿಗೆ ವಹಿಸಬೇಕು, ಮಾತ್ರೆಯನ್ನು ನಡುವೆಯೇ ಬಿಡುವ ಹಳ್ಳಿಗರಿಗೆ ಮೊದಲು ಬುದ್ಧಿ ಹೇಳಬೇಕು ಎಂಬುದು ಅವರ ವಾದ. ಶಾಸಕರಿಗೆ ಕೊಡಲಿರುವ ಮನವಿಯ ಬಗ್ಗೆ ನಮ್ಮ ಅಭಿಪ್ರಾಯವನ್ನೂ ಕೇಳಿದ್ದಾರೆ.

ಮಾನ್ಯರೇ, ಕಾರ್ಡಿನಿಂದ ಆಗಿರುವ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಸಹಕಾರಿ ರೈತರಿಗಾಗಿ 2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಆರೋಗ್ಯ ಯೋಜನೆಯಲ್ಲಿ ತಿಂಗಳಿಗೆ 5 ರೂಪಾಯಿ ಕಟ್ಟಿದವರಿಗೂ ದೊಡ್ಡ ಶಸ್ತ್ರಚಿಕಿತ್ಸೆಗಳು ದೊರೆತವು. 2010ರಲ್ಲಿ ಕಲಬುರಗಿ ಭಾಗದಿಂದ ಆರಂಭವಾದ ವಾಜಪೇಯಿ ಆರೋಗ್ಯಶ್ರೀಯು ಬಡವರ ಸಾವುಗಳನ್ನು ತಗ್ಗಿಸಿತೆಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವೊಂದು ತೋರಿಸಿತು. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಇವುಗಳ ಮುಂದುವರಿಕೆ. ಇಷ್ಟು ಹೇಳಿದ ಮೇಲೆ, ನಮಗೆ ಮುಖ್ಯವೆನಿಸುವ ಮಾತಿಗೆ ಬರಲು ಅನುಮತಿ ಕೊಡಿ.

ಈ ಯೋಜನೆಗಳು ಮುಖ್ಯವಾಗಿ ಆಸ್ಪತ್ರೆಯೊಳಗೆ ನಡೆಯುವ ಚಿಕಿತ್ಸೆಗೆ, ಪ್ಯಾಕೇಜಿನ ಲೆಕ್ಕದಲ್ಲಿ, ಅಂದರೆ ಒಂದೊಂದು ಚಿಕಿತ್ಸೆಗೆ ಇಷ್ಟೆಂದು ಗೊತ್ತುಪಡಿಸಿದ ದರದಲ್ಲಿ, ಹಣ ಕೊಡುತ್ತವೆ. ನಿಮ್ಮ ಅಣ್ಣನವರ ಸಕ್ಕರೆ ಹದ ತಪ್ಪುತ್ತ, ಬಿಪಿ ಏರುತ್ತ, ಮೂತ್ರದಲ್ಲಿ ಪ್ರೋಟೀನ್ ಸೋರತೊಡಗಿದ ವರ್ಷಗಳಿಗೆ ಯಾವ ಪ್ಯಾಕೇಜೂ ಇರಲಿಲ್ಲ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆಯನ್ನು ನಿಮ್ಮ ಪತ್ರ ಓದುವಾಗ ನೆನೆಯದಿರಲು ಸಾಧ್ಯವಾಗಲಿಲ್ಲ. ಡಯಾಲಿಸಿಸ್ ಶುರುವಾಗುವ ಹಂತದಲ್ಲೂ ನಿಗಾ ಇದ್ದವರಿಗೂ ಇಲ್ಲದವರಿಗೂ ಎಷ್ಟು ಅಂತರವಿದೆ ನೋಡಿ. ಮೂತ್ರಪಿಂಡ ಸೋಲುತ್ತಿರುವುದನ್ನು ರಕ್ತದಲ್ಲಿ ತೋರಿಸುವ ಕ್ರಿಯಾಟಿನಿನ್ ಏರುತ್ತಿರುವುದನ್ನು ಮೊದಲೇ ಗಮನಿಸಿದ ವೈದ್ಯರು ತೋಳಿನಲ್ಲಿ ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿಗಾಗಿ ಎರಡು ರಕ್ತನಾಳಗಳ ಜೋಡಣೆ, ಮಾಡಿಸುತ್ತಾರೆ. ಅದು ಬಲಿತು ಸೂಜಿ ತಾಳುವಂತಾಗಲು ವಾರಗಟ್ಟಲೆ ಬೇಕು. ಯಾರ ಕಣ್ಣಿಗೂ ಬೀಳದ ರೋಗಿ ಒಂದು ರಾತ್ರಿ ಉಸಿರು ಕಟ್ಟಿಕೊಂಡು ಆಸ್ಪತ್ರೆಗೆ ಬರುತ್ತಾನೆ, ಕುತ್ತಿಗೆಯ ರಕ್ತನಾಳಕ್ಕೆ ತುರ್ತಾಗಿ ನಳಿಕೆ ತೂರಿಸಬೇಕಾಗುತ್ತದೆ, ಅದರ ಮೂಲಕ ಸೋಂಕು ತಗಲುವ ಭಯವೂ ಜೊತೆಗೇ ಬರುತ್ತದೆ. ಇಬ್ಬರ ಬಳಿಯೂ ಅದೇ ಕಾರ್ಡು, ಅದೇ ಮಿತಿ. 10 ಲಕ್ಷ ಮಾಡಿದರೂ ಎರಡನೆಯವನ ಪಾಡು ಬದಲಾಗುವುದಿಲ್ಲ.

ಇನ್ನು ಜನರ ಅಲಕ್ಷ್ಯದ ಮಾತು. ಇದನ್ನು ನೀವು ಬರೆದದ್ದು ನಮಗೆ ಸ್ವಲ್ಪ ನೋವು ತಂದಿತು. ನಿಮ್ಮ ಜಿಲ್ಲೆಯ ಚರಿತ್ರೆಯೇ ಇದಕ್ಕೆ ಉತ್ತರ ಕೊಟ್ಟು ಆರು ದಶಕಗಳು ಕಳೆದಿವೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ಇದ್ದವರನ್ನು ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಹಳಷ್ಟು ರೋಗಿಗಳಿಗೆ ತಮ್ಮ ತೊಂದರೆಯ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು. ಹೋದವರ ಕೈಗೆ ಸಾಮಾನ್ಯವಾಗಿ ಸಿಕ್ಕಿದ್ದು ಕೆಮ್ಮಿನ ಔಷಧದ ಬಾಟಲಿ. ತಪ್ಪು ಯಾರದೆಂದು ನೀವೇ ಹೇಳಿ. ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಬಂದವಳಿಗೆ ಬಿಪಿ ಮಾತ್ರೆ ಹತ್ತು ದಿನದ್ದು ಮಾತ್ರ ಕೊಟ್ಟು, ಮತ್ತೆ ಬಂದಾಗ ಸ್ಟಾಕ್ ಇಲ್ಲವೆಂದು ಹೊರಗಿನ ಅಂಗಡಿಗೆ ಚೀಟಿ ಬರೆದರೆ, ಅವಳು ಮಾತ್ರೆ ಬಿಟ್ಟಳು ಎನ್ನುವುದು ನ್ಯಾಯವಲ್ಲ.

ಬಿಡದೆ ವಿಚಾರಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರು ಮನೆಮನೆಯ ಸಮೀಕ್ಷೆಯಿಂದ ಮೂರ್ಛೆರೋಗಿಗಳನ್ನು ಗುರುತಿಸಿ, ಫೀನೋಬಾರ್ಬಿಟಾಲ್, ಫೆನಿಟಾಯಿನ್‌ನಂತಹ ಹಳೆಯ, ಅಗ್ಗದ ಮಾತ್ರೆಗಳನ್ನೇ ಕೊಟ್ಟು ವರ್ಷಗಟ್ಟಲೆ ಅವರ ಬೆನ್ನು ಬಿಡದೆ ನೋಡಿಕೊಂಡರು. ಅನೇಕರಿಗೆ ಮೂರ್ಛೆ ಬರುವುದೇ ನಿಂತಿತು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ಹೊಸ ಯಂತ್ರ, ಹೊಸ ಕಟ್ಟಡ ಏನೂ ಇಲ್ಲದ ಕೆಲಸವಾದ್ದರಿಂದಲೋ ಏನೋ, ನಮ್ಮಲ್ಲಿ ಅದರ ಸುದ್ದಿ ಆಗಲಿಲ್ಲ.

ನಮ್ಮ ಪರಿಚಯದ ಫಾರ್ಮಸಿಸ್ಟ್ ಒಬ್ಬರು ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಬರುವ ಬಿಪಿ, ಶುಗರ್ ರೋಗಿಗಳ ಹೆಸರನ್ನು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ತಿಂಗಳು ತಪ್ಪಿಸಿದವರಿಗೆ ಹಾಲಿನ ಡೇರಿಗೆ ಬರುವವರ ಮೂಲಕ ಹೇಳಿಕಳುಹಿಸುತ್ತಿದ್ದರು. ಇದು ಅವರ ಕರ್ತವ್ಯವೆಂದು ಯಾವ ಆದೇಶದಲ್ಲೂ ಇರಲಿಲ್ಲ, ಹಾಗಾಗಿ ಅವರು ನಿವೃತ್ತರಾದ ಮೇಲೆ ಅದನ್ನು ಮುಂದುವರಿಸಬೇಕಾದ ಹೊಣೆ ಯಾರ ಮೇಲೂ ಬೀಳಲಿಲ್ಲ.

ಅಮೆರಿಕದ ಬಗ್ಗೆ ನಿಮ್ಮ ಮಗನನ್ನೇ ಇನ್ನಷ್ಟು ಕೇಳಿ. 1973ರ ಆರೋಗ್ಯ ನಿರ್ವಹಣಾ ಸಂಸ್ಥೆಗಳ ಕಾಯ್ದೆಯ ಬೆಂಬಲದಿಂದ ಅಲ್ಲಿ ಬೆಳೆದ ವಿಮಾ ಸಂಸ್ಥೆಗಳು ತಲೆಗಿಷ್ಟೆಂದು ಮುಂಗಡ ಹಣ ಪಡೆದು ಆರೈಕೆಯ ಹೊಣೆ ಹೊರುತ್ತವೆ. ಹೊಣೆ ಒಂದೇ ಕಡೆ ಇರಬೇಕೆಂಬ ಆಶಯ ಒಳ್ಳೆಯದೇ. ಸಿಯಾಟಲ್‌ನ ಸಹಕಾರಿ ಆರೋಗ್ಯ ಸಂಸ್ಥೆಯಲ್ಲಿದ್ದ ಡಾ. ಎಡ್ವರ್ಡ್ ವ್ಯಾಗ್ನರ್ ದೀರ್ಘಕಾಲದ ರೋಗಿಗಳಿಗಾಗಿ ನೋಂದಣಿ ಪಟ್ಟಿ, ತಂಡದ ಆರೈಕೆ, ಮುಂಚಿತವಾಗಿ ಗೊತ್ತುಪಡಿಸಿದ ಭೇಟಿಗಳ ಮಾದರಿಯನ್ನು ರೂಪಿಸಿದ್ದೂ ಅಲ್ಲಿಯೇ. ಆದರೆ ತಲೆಗೆಲ್ಲ ಒಂದೇ ಮೊತ್ತ ಎಂದಾಗ ಹೆಚ್ಚು ಕಾಯಿಲೆಯಿರುವವನೇ ಲಾಭಕ್ಕೆ ಹೊರೆಯಾಗುತ್ತಾನೆ, ಚಿಕಿತ್ಸೆಗೆ ಪೂರ್ವಾನುಮತಿ ನಿರಾಕರಿಸುವುದು ವ್ಯಾಪಾರದ ಜಾಣತನವಾಗುತ್ತದೆ. ರೋಗದ ತೀವ್ರತೆಗೆ ತಕ್ಕಂತೆ ಮೊತ್ತ ಏರದಿದ್ದರೆ ಆ ಮಾದರಿ ನಮಗೆ ಬೇಡ.

ನಮ್ಮ ರಾಜಕಾರಣಕ್ಕೆ ಟೇಪು ಕತ್ತರಿಸಲು ಏನಾದರೂ ಬೇಕು, ವಾರ್ಡೋ ಯಂತ್ರವೋ ಆಂಬುಲೆನ್ಸೋ. ತಪ್ಪದೆ ನಡೆಯುವ ತಿಂಗಳ ತಪಾಸಣೆಯನ್ನು ಉದ್ಘಾಟಿಸಲು ಬರುವುದಿಲ್ಲ. ಪತ್ರಿಕೆಗಳವರಾದ ನಾವೂ ಹೃದಯ ಕಸಿಗೆ ಮುಖಪುಟ ಕೊಟ್ಟು, ಶುಗರ್ ಮಾತ್ರೆಯ ಕೊರತೆಗೆ ಒಳಪುಟದ ಮೂಲೆ ಕೊಡುತ್ತೇವೆ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ಬಿಪಿ, ಸಕ್ಕರೆ ನೋಡುತ್ತಾರೆಂಬುದು ಸಂತೋಷದ ವಿಷಯ. ಕಾಯಿಲೆ ಪತ್ತೆಯಾದವರನ್ನು ಮೂರನೆಯ, ನಾಲ್ಕನೆಯ ವರ್ಷ ಯಾರು ವಿಚಾರಿಸುತ್ತಾರೆ ಎಂದು ನಾವು ಕೇಳುತ್ತಲೇ ಇರಬೇಕಾಗುತ್ತದೆ.

ಆದ್ದರಿಂದ ಮನವಿಯಲ್ಲಿ 10 ಲಕ್ಷದ ಬೇಡಿಕೆಯನ್ನು ಕೊನೆಗೆ ತಳ್ಳಿ. ತಾಲ್ಲೂಕಿನ ಪ್ರತಿ ಶುಗರ್, ಬಿಪಿ, ಮೂತ್ರಪಿಂಡದ ರೋಗಿಯ ಹೆಸರಿನ ಮುಂದೆ ಹೊಣೆಗಾರ ಸಿಬ್ಬಂದಿಯ ಹೆಸರು ಇರಬೇಕು, ಮಾತ್ರೆ ಕನಿಷ್ಠ ತಿಂಗಳಿಗಾಗುವಷ್ಟು ಸಿಗಬೇಕು, ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಪಿಎಚ್‌ಸಿಯಲ್ಲೇ ಆಗಬೇಕು, ಡಯಾಲಿಸಿಸ್‌ಗೆ ಬರುವವರ ಬಸ್ ಖರ್ಚನ್ನು ಸರ್ಕಾರ ಕೊಡಬೇಕು ಎಂದು ಮೊದಲು ಬರೆಯಿರಿ. ಆ ಮನವಿಗೆ ನಮ್ಮ ಸಂಪಾದಕ ಬಳಗದ ಸಹಿಯನ್ನೂ ಕಳುಹಿಸುತ್ತೇವೆ.

— ಸಂಪಾದಕ