ಜೆಕ್ವೆರಿಯನ್ನು ಇಂದಿಗೂ ಕಲಿಯುವ ಅಗತ್ಯವಿದೆಯೇ?

ಜೆಕ್ವೆರಿ ಎಂದರೆ ಜಾಲತಾಣಗಳಲ್ಲಿ ಜಾವಾಸ್ಕ್ರಿಪ್ಟ್ ಬರೆಯುವುದನ್ನು ಸುಲಭಗೊಳಿಸುವ ಸಿದ್ಧ ಕೋಡ್‌ನ ಸಂಗ್ರಹ (ಲೈಬ್ರರಿ). ಹೊಸ ಜಾಲತಾಣವನ್ನು ಮೊದಲಿನಿಂದ ಕಟ್ಟುವವರಿಗೆ ಅದರ ಅಗತ್ಯವಿಲ್ಲ. ಆದರೆ ಇರುವ ತಾಣಗಳನ್ನು ನಿರ್ವಹಿಸುವ ಕೆಲಸಕ್ಕೆ ಸೇರುವವರು ಅದನ್ನು ಓದಿ ಅರ್ಥಮಾಡಿಕೊಳ್ಳುವಷ್ಟಾದರೂ ಕಲಿತಿರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

2006ರಲ್ಲಿ ಜಾನ್ ರೆಸಿಗ್ ಇದನ್ನು ಬಿಡುಗಡೆ ಮಾಡಿದಾಗ, ಗುಂಡಿಯೊಂದರ ಕ್ಲಿಕ್ಕನ್ನು ಗುರುತಿಸಲು ಸಹ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ ಅಟ್ಯಾಚ್‌ಇವೆಂಟ್, ಫೈರ್‌ಫಾಕ್ಸ್‌ಗೆ ಆಡ್‌ಇವೆಂಟ್‌ಲಿಸನರ್ ಎಂದು ಬೇರೆ ಬೇರೆಯಾಗಿ ಬರೆಯಬೇಕಿತ್ತು. ಇಂತಹ ವ್ಯತ್ಯಾಸಗಳನ್ನು ಜೆಕ್ವೆರಿ ತನ್ನೊಳಗೇ ನಿಭಾಯಿಸುತ್ತಿತ್ತು. ಮುಂದೆ ಪುಟದ ಭಾಗಗಳನ್ನು ಹುಡುಕುವ ಕ್ವೆರಿಸೆಲೆಕ್ಟರ್‌ಆಲ್, ಸರ್ವರ್‌ನಿಂದ ಮಾಹಿತಿ ತರುವ ಫೆಚ್ ಮುಂತಾದ ಸೌಲಭ್ಯಗಳು ಬ್ರೌಸರ್‌ಗಳಲ್ಲೇ ಸೇರಿದ್ದರಿಂದ ಅದರ ಅನಿವಾರ್ಯತೆ ಕುಗ್ಗಿತು. ಪುಟವಿನ್ಯಾಸದ ಸಿದ್ಧ ಚೌಕಟ್ಟಾದ ಬೂಟ್‌ಸ್ಟ್ರ್ಯಾಪ್ ಕೂಡ 2021ರಲ್ಲಿ ಬಂದ ತನ್ನ 5ನೇ ಆವೃತ್ತಿಯಲ್ಲಿ ಜೆಕ್ವೆರಿಯ ಅವಲಂಬನೆಯನ್ನು ಕೈಬಿಟ್ಟಿತು.

ಆದರೂ ಜಾಲತಾಣ ಕಟ್ಟಿ ನಿರ್ವಹಿಸುವ ತಂತ್ರಾಂಶವಾದ ವರ್ಡ್‌ಪ್ರೆಸ್ ಜೆಕ್ವೆರಿಯನ್ನು ತನ್ನೊಂದಿಗೇ ನೀಡುತ್ತದೆ, ಅದರ ಅಸಂಖ್ಯ ಥೀಮ್‌ಗಳೂ ಪ್ಲಗಿನ್‌ಗಳೂ ಅದನ್ನೇ ನಂಬಿಕೊಂಡಿವೆ. ಸರಿಯಾಗಿ ನಡೆಯುತ್ತಿರುವ ಇಂತಹ ತಾಣವನ್ನು, ಕೇವಲ ಹಳೆಯದೆಂಬ ಕಾರಣಕ್ಕೆ ರಿಯಾಕ್ಟ್ ಎಂಬ ಹೊಸ ಕಾಲದ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಮರಳಿ ಬರೆಯಲು ಹೊರಡುವುದು, ವರ್ಷಗಟ್ಟಲೆ ಪರೀಕ್ಷೆಗೊಳಗಾಗಿ ಗಟ್ಟಿಯಾದ ಕೋಡನ್ನು ಎಸೆದು ಹೊಸ ದೋಷಗಳನ್ನು ಆಹ್ವಾನಿಸಿದಂತಾಗುತ್ತದೆ.

ನಿಜವಾದ ಅಪಾಯವಿರುವುದು ಉಪಕರಣದ ವಯಸ್ಸಿನಲ್ಲಲ್ಲ, ನವೀಕರಿಸದ ಆವೃತ್ತಿಯಲ್ಲಿ. 2020ರ ಏಪ್ರಿಲ್‌ನಲ್ಲಿ ಬಂದ ಜೆಕ್ವೆರಿಯ 3.5.0 ಆವೃತ್ತಿಯು, ಹೊರಗಿನಿಂದ ಬಂದ ಎಚ್‌ಟಿಎಂಎಲ್ ಅನ್ನು ಪುಟಕ್ಕೆ ಸೇರಿಸುವಾಗ ದುರುದ್ದೇಶದ ಸ್ಕ್ರಿಪ್ಟ್ ನುಸುಳಲು ಅವಕಾಶವಿದ್ದ ಲೋಪಗಳನ್ನು ಸರಿಪಡಿಸಿತು. ಅದಕ್ಕಿಂತ ಹಿಂದಿನದನ್ನು ಬಳಸುತ್ತಿರುವವರು ಮೊದಲು ಪರೀಕ್ಷಾ ಪ್ರತಿಯೊಂದರಲ್ಲಿ ಹೊಸ ಆವೃತ್ತಿಯ ಜೊತೆಗೆ ಹಳೆಯ ಕೋಡ್ ಹೊಸ ಆವೃತ್ತಿಗೆ ಹೊಂದಿಕೊಳ್ಳಲು ನೆರವಾಗುವ ಜೆಕ್ವೆರಿ ಮೈಗ್ರೇಟ್ ಅನ್ನೂ ಅಳವಡಿಸಿ, ಅದು ಬ್ರೌಸರ್‌ನ ಕನ್ಸೋಲ್‌ನಲ್ಲಿ ತೋರಿಸುವ ಎಚ್ಚರಿಕೆಗಳನ್ನು ಒಂದೊಂದಾಗಿ ಪರಿಹರಿಸಿಕೊಳ್ಳಬೇಕು.