ಹದಿನೆಂಟು ಸರ್ಟಿಫಿಕೇಟು, ಮೌಸ್ ಮಾತ್ರ ಬೇರೆಯವರ ಕೈಲಿ

ಈ ಕೇಸ್ ಬಗ್ಗೆ ಬರೀಬೇಕು ಅಂತ ತುಂಬಾ ದಿನದಿಂದ ಅನ್ಕೊಂಡಿದ್ದೆ, ಯಾಕಂದ್ರೆ ಕೊರೋನಾ ಆದ್ಮೇಲೆ ನನ್ನ ಹತ್ರ ಕೌನ್ಸೆಲಿಂಗ್‌ಗೆ ಬರೋ ಶಿಕ್ಷಕರಲ್ಲಿ ಇದೇ ಕಥೆ ಸ್ವಲ್ಪ ಆಚೆ ಈಚೆ ಆಗಿ ಬರ್ತಾನೇ ಇದೆ. ನಿದ್ದೆ ಬರಲ್ಲ, ಶಾಲೆಗೆ ಹೊರಡೋ ಹೊತ್ತಿಗೆ ಹೊಟ್ಟೆ ತೊಳಸುತ್ತೆ, ವಾಟ್ಸಾಪ್ ಟಿಂಗ್ ಅಂದ್ರೆ ಎದೆ ಡವಡವ, ಕೊನೆಗೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡ್‌ಬಿಡ್ಲಾ ಮೇಡಂ ಅಂತ ಕೇಳ್ತಾರೆ. ಮನೇಲಿ ಜಗಳ ಇಲ್ಲ, ಸಾಲ ಇಲ್ಲ, ಕೆದಕ್ತಾ ಹೋದ್ರೆ ಕೆಳಗಡೆ ಸ್ಮಾರ್ಟ್ ಕ್ಲಾಸು, ದೀಕ್ಷಾ ಅನ್ನೋ ಸರ್ಕಾರಿ ಪಾಠದ ಆಪು, ಆನ್‌ಲೈನ್ ತರಬೇತಿ ಸಿಗುತ್ತೆ.

ಗುರುತು ಸಿಗಬಾರದು ಅಂತ ಊರು, ವಯಸ್ಸು, ಮನೆ ವಿವರ ಎಲ್ಲಾ ಬದಲಾಯಿಸಿದೀನಿ, ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ. ಹೆಸರು ಬೇಡ, ಮೇಷ್ಟ್ರು ಅಂತಲೇ ಕರೀತೀನಿ.

ಮೇಷ್ಟ್ರು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೇಲಿ ಗಣಿತ ಹೇಳೋರು, ಐವತ್ತು ದಾಟಿದೆ. ಕೈವಾರ ಇಲ್ಲದೆ ಬೋರ್ಡ್ ಮೇಲೆ ಒಂದೇ ಏಟಿಗೆ ವೃತ್ತ ಬರೀತಾರಂತೆ, ಊರಲ್ಲಿ ಅದೇ ಅವರ ಹೆಸರು. ಎರಡು ವರ್ಷದ ಹಿಂದೆ ದಾನಿಗಳು ಶಾಲೆಗೆ ಒಂದು ದೊಡ್ಡ ಟಚ್ ಪ್ಯಾನೆಲ್ ಕೊಟ್ರು. ಹೊಸದಾಗಿ ಬಂದಿರೋ ಹುಡುಗ ಮೇಷ್ಟ್ರು ಒಬ್ಬರು ಅದನ್ನ ಆಟದ ಸಾಮಾನಿನ ಥರ ಓಡಿಸ್ತಾರೆ, ಇವರ ಪಿರಿಯಡ್‌ಗೂ ಅವರೇ ಬಂದು ವಿಡಿಯೋ ಹಾಕಿ ಹೋಗ್ತಾರೆ, ಇವರು ಪಕ್ಕದಲ್ಲಿ ನಿಂತಿರ್ತಾರೆ. ಮೇಷ್ಟ್ರನ್ನ ನನ್ನ ಹತ್ರ ಕರ್ಕೊಂಡು ಬಂದಿದ್ದು ಅವರ ಹೆಂಡತಿ. ಎದೆ ಬಡಿತದ ಕಂಪ್ಲೇಂಟ್ ಇದ್ದಿದ್ರಿಂದ ಮೊದಲು ಫಿಸಿಶಿಯನ್ ಹತ್ರ ಕಳಿಸ್ದೆ, ಬಿಪಿ ಸಿಕ್ತು, ಮಾತ್ರೆ ಶುರುವಾಯ್ತು. ಆಮೇಲೆ ನಮ್ಮ ಮಾತುಕತೆ.

ಮೊದಲ ಭೇಟಿಗಳಲ್ಲೆಲ್ಲ ಅವರು ಹೇಳ್ತಿದ್ದದ್ದು ಒಂದೇ, "ನಮ್ಮ ಕಾಲದವರಿಗೆ ಇದೆಲ್ಲ ಹತ್ತಲ್ಲ ಮೇಡಂ." ನಾನು ಅದನ್ನ ನಂಬ್ಲಿಲ್ಲ. ಯಾಕಂದ್ರೆ ಮನುಷ್ಯ ಫೋನ್‌ಪೇ ಮಾಡ್ತಾರೆ, ಬಸ್ ಟಿಕೆಟ್ ಬುಕ್ ಮಾಡ್ತಾರೆ, ಮೊಮ್ಮಗನಿಗೆ ವಿಡಿಯೋ ಕಾಲ್ ಮಾಡ್ತಾರೆ. ಹತ್ತಲ್ಲ ಅನ್ನೋದು ಸುಳ್ಳು, ಬೇರೇನೋ ಇದೆ.

ಅದು ಹೊರಗೆ ಬಂದಿದ್ದು ಹೀಗೆ. ಒಂದಿನ ಯಾವುದೋ ಆನ್‌ಲೈನ್ ಕೋರ್ಸ್ ಮುಗಿಸದವರ ಲಿಸ್ಟು ಗ್ರೂಪಲ್ಲಿ ಬಂದಿತ್ತು, ಅದನ್ನ ತೋರಿಸ್ತಾ ಇದ್ರು. ಹಿಂದಿನ ಕೋರ್ಸೆಲ್ಲ ಹೇಗೆ ಮುಗಿಸಿದ್ರಿ ಅಂತ ಸುಮ್ನೆ ಕೇಳ್ದೆ. ನಿಷ್ಠಾ ಅನ್ನೋ ಕೇಂದ್ರ ಸರ್ಕಾರದ ಶಿಕ್ಷಕರ ತರಬೇತಿ 2020ರ ಅಕ್ಟೋಬರ್‌ನಲ್ಲಿ ಆನ್‌ಲೈನ್ ಆದಾಗ ದೀಕ್ಷಾ ಮೇಲೆ 18 ಮಾಡ್ಯೂಲ್ ಇತ್ತಲ್ಲ, ಪ್ರಾಥಮಿಕ ಶಾಲೆಯವರಿಗೆಲ್ಲ ನೆನಪಿರುತ್ತೆ. ಮೇಷ್ಟ್ರು ತಲೆ ತಗ್ಗಿಸಿದ್ರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದ್ರು, "ಹದಿನೆಂಟೂ ನನ್ನ ಮಗಳು ಮಾಡಿದ್ದು ಮೇಡಂ. ಸರ್ಟಿಫಿಕೇಟಲ್ಲಿ ನನ್ನ ಹೆಸರಿದೆ. ಇಷ್ಟು ವರ್ಷ ಎಕ್ಸಾಮ್ ಹಾಲಲ್ಲಿ ಕಾಪಿ ಹೊಡೆಯೋರನ್ನ ಹಿಡಿದೋನು ನಾನು. ಈಗ ಆ ಪ್ಯಾನೆಲ್ ಮುಂದೆ ನಿಂತ್ರೆ, ಯಾರೋ ಬಂದು ನನ್ನ ಚೀಟಿ ಹಿಡೀತಾರೆ ಅನ್ಸುತ್ತೆ."

ಆ ಹದಿನೆಂಟರಲ್ಲಿ ಪಾಠಕ್ಕೆ ತಂತ್ರಜ್ಞಾನ ಹೇಗೆ ಸೇರಿಸೋದು ಅನ್ನೋ ಮಾಡ್ಯೂಲೂ ಒಂದಿತ್ತು ಅನ್ನೋದು ಇನ್ನೊಂದು ತಮಾಷೆ. ಅದನ್ನೂ ಮಗಳೇ ಮುಗಿಸಿದ್ಳು.

ಇಲ್ಲಿ ಮೇಷ್ಟ್ರನ್ನ ಬೈಯೋಕೆ ಹೊರಡೋರಿಗೆ ಒಂದು ಮಾತು. ಆಗ ಎಷ್ಟೋ ಮನೇಲಿ ವಿಡಿಯೋ ಓಡಿಸಿಟ್ಟು ಸಾರಿಗೆ ಒಗ್ಗರಣೆ ಹಾಕಿದೋರಿದಾರೆ, ಕ್ವಿಜ್ ಉತ್ತರ ಗ್ರೂಪಲ್ಲಿ ಹಂಚಿದೋರೂ ಇದಾರೆ, ಮೇಲಿನವರಿಗೂ ಬೇಕಾಗಿದ್ದು ಎಷ್ಟು ಪರ್ಸೆಂಟ್ ಮುಗೀತು ಅನ್ನೋ ಸಂಖ್ಯೆನೇ. ಹಾಗಾಗಿ ಇವರೊಬ್ಬರನ್ನೇ ಕಟಕಟೇಲಿ ನಿಲ್ಲಿಸೋಕೆ ನಂಗೆ ಮನಸ್ಸಿಲ್ಲ.

ಸರಿ, ಹಾಗಾದ್ರೆ ಮುಖಾಮುಖಿ ತರಬೇತಿಗೆ ಹೋಗಿದ್ರಲ್ಲ, ಅಲ್ಲಿ ಅಂತ ಕೇಳ್ದೆ. ಅಲ್ಲಿ ಇಬ್ಬರಿಗೆ ಒಂದು ಕಂಪ್ಯೂಟರ್. ಪಕ್ಕದವರಿಗೆ ಗೊತ್ತಿತ್ತು, ಮೌಸ್ ಅವರೇ ಹಿಡ್ಕೊಂಡ್ರು. ತರಬೇತಿ ಕೊಡೋ ಸಂಪನ್ಮೂಲ ವ್ಯಕ್ತಿ ಬಂದು ಇವರಿಗೆ ಡೌಟ್ ಇದ್ರೆ ಬಗ್ಗಿ ತಾನೇ ಕ್ಲಿಕ್ ಮಾಡಿ ಹೋದ್ರು. ಮನೇಲಿ ಮಗಳು "ಕೊಡಪ್ಪ ಇಲ್ಲಿ" ಅಂತ ಫೋನ್ ಕಿತ್ಕೋತಾಳೆ. ಶಾಲೇಲಿ ಹುಡುಗ ಮೇಷ್ಟ್ರು "ಬಿಡಿ ಸಾರ್, ನಾನ್ ಹಾಕ್ತೀನಿ." ಯಾರೂ ಕೆಟ್ಟವರಲ್ಲ ನೋಡಿ, ಎಲ್ಲರೂ ಸಹಾಯ ಮಾಡಿದೋರೇ. ಆದ್ರೆ ಇಷ್ಟು ಜನ ಇಷ್ಟು ವರ್ಷ ಸಹಾಯ ಮಾಡಿದ್ರೂ ಅವರ ಕೈ ಆ ಮೌಸ್ ಮೇಲೆ ಕೂತಿದ್ದು ಮಾತ್ರ ಇಲ್ಲ.

ಮೇಜಿನ ಮೇಲಿದ್ದ ನನ್ನ ಲ್ಯಾಪ್‌ಟಾಪ್ ಅವರ ಕಡೆ ತಿರುಗಿಸಿ, ತರಬೇತೀಲಿ ನೋಡಿದ್ರಲ್ಲಿ ನಿಮಗೆ ಇಷ್ಟ ಆಗಿದ್ದು ಯಾವುದು ಅಂದೆ. ಜಿಯೋಜೀಬ್ರಾ ಅಂದ್ರು, ರೇಖಾಗಣಿತದ ಆಕೃತಿ ಬಿಡಿಸೋ ಸಾಫ್ಟ್‌ವೇರ್ ಅಂತೆ. ಹೆಸರು ಕೂಡ ನಂಗೆ ಗೊತ್ತಿರ್ಲಿಲ್ಲ, ಅದೊಂಥರಾ ಒಳ್ಳೇದೇ ಆಯ್ತು. ತೆಗೀರಿ ಅಂದೆ. ನೀವೇ ತೆಗೀರಿ ಮೇಡಂ ಅಂದ್ರು. ನಾನು ಎರಡೂ ಕೈ ಸೆರಗಿನೊಳಗೆ ಸೇರಿಸ್ಕೊಂಡು ಕೂತೆ.

ಹುಡುಕೋದಕ್ಕೇ ತುಂಬಾ ಹೊತ್ತು ಹಿಡೀತು. ಸ್ಪೆಲಿಂಗ್ ತಪ್ಪು, ಮತ್ತೆ ಟೈಪ್, ಯಾವುದೋ ಜಾಹೀರಾತು ತೆರ್ಕೊಳ್ತು, ಅದನ್ನ ಮುಚ್ಚಿದ್ರು. ಕೊನೆಗೆ ಮೂರು ಬಿಂದು ಇಟ್ಟು ತ್ರಿಭುಜ ಬಂತು. ಏಳನೇ ಕ್ಲಾಸಿನ ಪಾಠ ಅಂತ ಹೇಳ್ತಾ, ಕೋನ ಅಳೆಯೋ ಟೂಲ್ ತಗೊಂಡು ಮೂರು ಬಿಂದು ಒಂದಾದ ಮೇಲೊಂದು ಒತ್ತಿದ್ರು. 60ರ ಆಸುಪಾಸು ಬರ್ಬೇಕಾಗಿದ್ದ ಕೋನ ಸ್ಕ್ರೀನ್ ಮೇಲೆ 302 ಡಿಗ್ರಿ ಅಂತ ಬಂತು.

ಕೈ ಹಿಂದಕ್ಕೆ ತಗೊಂಡ್ರು, ಕೆಂಡ ಮುಟ್ಟಿದ ಹಾಗೆ. "ನೋಡಿದ್ರಾ ಮೇಡಂ, ನಾನು ಮುಟ್ಟಿದ್ರೆ ಹೀಗೇ. ಮಕ್ಕಳ ಮುಂದೆ ಹೀಗಾದ್ರೆ?"

ನಾನು ಏನೂ ಹೇಳ್ಲಿಲ್ಲ, ನಂಗೆ ಗೊತ್ತೂ ಇರ್ಲಿಲ್ಲ. ಅವರು ಸ್ಕ್ರೀನ್ ನೋಡ್ತಾ ಕೂತ್ರು. ಆಮೇಲೆ ಮುಖದಲ್ಲಿ ಮೇಷ್ಟ್ರು ಬಂದ್ರು, ಬೇರೆ ಹೇಗೆ ಹೇಳ್ಲಿ. "ಅಲ್ಲ... 302 ಅಂದ್ರೆ 360ರಲ್ಲಿ 58 ಕಮ್ಮಿ. ಇದು ಒಳಗಡೆ ಅಳೀತಿಲ್ಲ, ಹೊರಗಡೆಯಿಂದ ಸುತ್ತಿ ಬಂದಿದೆ!" ಬಿಂದುಗಳನ್ನ ಉಲ್ಟಾ ಕ್ರಮದಲ್ಲಿ ಒತ್ತಿದ್ರು, 58 ಬಂತು. ಆ ಸಾಫ್ಟ್‌ವೇರ್ ಕೋನನ ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಲ್ಲಿ ಅಳೆಯೋದಂತೆ, ಅದಕ್ಕೇ ಯಾವ ಬಿಂದು ಮೊದಲು ಅನ್ನೋದು ಮುಖ್ಯ. ಅಲ್ಲಿಗೆ ನಿಲ್ಲಿಸ್ಲಿಲ್ಲ. ಬೇಕಂತಲೇ ಮೂರೂ ಕೋನ ಹೊರಗಡೆಯಿಂದ ಅಳೆಸಿ, ನನ್ನ ಕಡೆ ತಿರುಗಿ "ಒಟ್ಟು ಎಷ್ಟು ಬರುತ್ತೆ ಹೇಳಿ ನೋಡೋಣ" ಅಂದ್ರು. ನಾನು ಪಿಳಿಪಿಳಿ ನೋಡ್ದೆ. "ಮೂರು 360 ಅಂದ್ರೆ 1080, ಅದರಲ್ಲಿ 180 ಕಳೀರಿ, 900. ತ್ರಿಭುಜದ ತುದಿ ಎಲ್ಲಿಗೆ ಎಳೆದ್ರೂ 900. ಇದನ್ನ ಮಕ್ಕಳಿಗೆ ಹೀಗೇ, ತಪ್ಪಾಗಿಯೇ ತೋರಿಸ್ಬೇಕು ಮೇಡಂ."

ಆ ಹುಡುಗ ಮೇಷ್ಟ್ರು ಹಾಕೋ ವಿಡಿಯೋದಲ್ಲಿ ಈ ಪ್ರಶ್ನೆ ಇರೋಕೆ ಸಾಧ್ಯ ಇಲ್ಲ. ಇಂಥದ್ದನ್ನ ಶಿಕ್ಷಣ ಓದಿದೋರು ಟಿಪ್ಯಾಕ್ ಅಂತಾರೆ, ಪುಣ್ಯ ಮಿಶ್ರಾ ಮತ್ತೆ ಮ್ಯಾಥ್ಯೂ ಕೋಹ್ಲರ್ 2006ರಲ್ಲಿ ಬರೆದಿದ್ದು, ವಿಷಯ, ಕಲಿಸೋ ರೀತಿ, ತಂತ್ರಜ್ಞಾನ ಮೂರೂ ಒಟ್ಟಿಗೆ ಹೆಣೆದ್ಕೊಂಡಿರ್ಬೇಕು ಅಂತ. ಮೇಷ್ಟ್ರ ಹತ್ರ ಎರಡು ಆಗ್ಲೇ ಇತ್ತು, ಅದೂ ಗಟ್ಟಿಯಾಗಿ. ನಮ್ಮ ಕಡೆ ಓದೋ ಮನಶ್ಶಾಸ್ತ್ರಜ್ಞ ಬಂಡೂರ 1977ರಲ್ಲೇ ಹೇಳಿದಾರೆ, ನನ್ನಿಂದ ಆಗುತ್ತೆ ಅನ್ನೋ ನಂಬಿಕೆ ಬರೋಕೆ ಎಲ್ಲಕ್ಕಿಂತ ಬಲವಾದ ದಾರಿ ಸ್ವಂತ ಕೈಯಾರೆ ಮಾಡಿ ಗೆದ್ದಿರೋದು, ಬೇರೆಯವರು ಬೆನ್ನು ತಟ್ಟೋದು ಅದಕ್ಕಿಂತ ದುರ್ಬಲ ಅಂತ. ನಾವು ತರಬೇತೀಲಿ ಬರೀ ಬೆನ್ನು ತಟ್ತೀವಿ.

ಕೊಟ್ಟ ಸಲಹೆ ಏನು ಅಂದ್ರೆ, ಮೊದಲು ಪ್ಯಾನೆಲ್ ಮರ್ತುಬಿಡಿ. ನಿಮಗೆ ನಿದ್ದೇಲೂ ಬರೋ ಒಂದು ಪಾಠ ತಗೊಳ್ಳಿ, ಅದಕ್ಕೆ ಒಂದೇ ಒಂದು ಟೂಲ್, ಮನೇಲಿ ಕೂತು ಎಷ್ಟು ಥರ ಕೆಡಿಸಬಹುದೋ ಅಷ್ಟು ಥರ ಕೆಡಿಸಿ ನೋಡಿ. ಜಿಯೋಜೀಬ್ರಾನ ಹಳೇ ಲ್ಯಾಪ್‌ಟಾಪ್‌ಗೆ ಹಾಕ್ಕೊಂಡ್ರೆ ನೆಟ್ ಇಲ್ಲದೇನೂ ನಡಿಯುತ್ತೆ. ದೀಕ್ಷಾದಲ್ಲಿ ಬೇಕಾಗಿದ್ದನ್ನ ಹಿಂದಿನ ದಿನನೇ ಡೌನ್‌ಲೋಡ್ ಮಾಡಿಟ್ಕೊಳ್ಳಿ, ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಆಗ್ಲಿಲ್ಲ ಅಂದ್ರೆ ಅದರ ಕೆಳಗಿರೋ ಆರು ಅಕ್ಷರದ ಕೋಡ್ ಟೈಪ್ ಮಾಡಿದ್ರೂ ಸಾಕು. ಕರೆಂಟ್ ಹೋದ್ರೆ ಚಾಕ್‌ಪೀಸ್ ಇದೆ, ಅದರಲ್ಲಿ ನಿಮ್ಮನ್ನ ಮೀರಿಸೋರು ಇಲ್ಲ.

ಎರಡನೇದು ಸುತ್ತ ಇರೋರಿಗೆ. ಮಗಳನ್ನ ಕರೆಸಿ ಹೇಳ್ದೆ, ಅಪ್ಪನ ಪಾಸ್‌ವರ್ಡ್ ಅಪ್ಪನಿಗೆ ವಾಪಸ್ ಕೊಡು, ಕೇಳಿದ್ರೆ ಬಾಯಲ್ಲಿ ಹೇಳು, ಕೈ ಮುಟ್ಟಬೇಡ. ಮುಖ ಊದಿಸ್ಕೊಂಡ್ಳು, "ಅವರು ಒಂದು ಕ್ಲಿಕ್‌ಗೆ ಹತ್ತು ನಿಮಿಷ ತಗೋತಾರೆ ಮೇಡಂ" ಅಂದ್ಳು. ತಗೊಳ್ಳಲಿ ಅಂದೆ. ಹುಡುಗ ಮೇಷ್ಟ್ರ ಹತ್ರನೂ ಇದೇ ಮಾತು ಮೇಷ್ಟ್ರೇ ಆಡ್ಬೇಕು ಅಂತ ಇಲ್ಲೇ ಕೂತು ಅಭ್ಯಾಸ ಮಾಡಿಸ್ದೆ, ಹಿರಿಯರು ಕಿರಿಯರ ಹತ್ರ ಕೇಳೋದು ನಮ್ಮಲ್ಲಿ ಸುಲಭ ಅಲ್ಲ.

ಸ್ಯಾಟ್ಸ್ ಎಂಟ್ರಿ (ಮಕ್ಕಳ ದಾಖಲೆ), ಯು-ಡೈಸ್ (ಶಾಲೆಯ ಅಂಕಿಅಂಶ), ಬಿಸಿಯೂಟದ ಲೆಕ್ಕ, ಇದನ್ನೆಲ್ಲ ಟೆಕ್ನಾಲಜಿ ಅಂತ ಕರೀಬೇಡಿ ಅಂತನೂ ಹೇಳ್ದೆ. ಅದು ಗುಮಾಸ್ತಗಿರಿ. ಸರ್ವರ್ ಡೌನ್ ಆಗಿ ರಾತ್ರಿ ಹನ್ನೊಂದಕ್ಕೆ ಲಾಗಿನ್ ಆಗದೇ ಇದ್ರೆ ಅದು ನಿಮ್ಮ ದಡ್ಡತನ ಅಲ್ಲ. ಶಿಕ್ಷಕರು ಎರಡನ್ನೂ ಕಲಸಿಕೊಂಡು ಪಾಠದ ಟೂಲ್ ಮೇಲೂ ಸಿಟ್ಟು ಮಾಡ್ಕೋತಾರೆ, ನನಗನ್ಸಿದ್ದು ಅರ್ಧ ಭಯ ಅಲ್ಲಿಂದಲೇ ಬರೋದು.

ಇನ್ನು ಆ ಸರ್ಟಿಫಿಕೇಟು. ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಹತ್ರ ಹೋಗಿ ಒಪ್ಪಿಕೊಂಡ್‌ಬಿಡ್ಲಾ ಅಂತ ಕೇಳಿದ್ರು. ಬೇಡ ಅಂದೆ. ಇದಕ್ಕೆ ನನ್ನ ಜೊತೆ ಕೆಲಸ ಮಾಡೋರಲ್ಲೇ ಒಬ್ಬರು ತಕರಾರು ತೆಗೆದ್ರು, ಅಪ್ರಾಮಾಣಿಕತೆ ಮುಚ್ಚಿಡೋಕೆ ನೀನೇ ಹೇಳ್ಕೊಟ್ಟ ಹಾಗಾಯ್ತು ಅಂತ. ನನ್ನ ಲೆಕ್ಕ ಬೇರೆ. ಒಪ್ಪಿಕೊಂಡ್ರೆ ಒಬ್ಬ ಮೇಷ್ಟ್ರಿಗೆ ನೋಟಿಸ್ ಬರುತ್ತೆ, ಮಕ್ಕಳಿಗೆ ಏನೂ ಸಿಗಲ್ಲ. ಋಣ ತೀರಿಸೋದಾದ್ರೆ ಕ್ಲಾಸಲ್ಲಿ ತೀರಿಸಿ, ಆ ತಂತ್ರಜ್ಞಾನದ ಮಾಡ್ಯೂಲಲ್ಲಿ ಇರೋದನ್ನ ಈಗ ನೀವೇ ಕೂತು ಓದಿ, ಸರ್ಟಿಫಿಕೇಟ್ ಬರಲ್ಲ, ಬೇಕಾಗೂ ಇಲ್ಲ ಅಂದೆ. ಒಪ್ಪದೇ ಇರೋರು ಒಪ್ಪಬೇಡಿ, ನಾನಂತೂ ಬದಲಾಯಿಸಲ್ಲ.

ಇದು ಕೌನ್ಸೆಲಿಂಗಾ ಕಂಪ್ಯೂಟರ್ ಕ್ಲಾಸಾ ಅಂತಲೂ ಅದೇ ಸಹೋದ್ಯೋಗಿ ಕೇಳಿದ್ರು. ನಿದ್ದೆ ಕೆಡಿಸ್ತಾ ಇದ್ದ ವಸ್ತುನೇ ಮೇಜಿನ ಮೇಲಿದ್ದಾಗ ಬಾಲ್ಯದ ಬಗ್ಗೆ ಕೇಳ್ತಾ ಕೂರೋಕೆ ನಂಗೆ ಬರಲ್ಲ. ಹಾಗಂತ ಎಲ್ಲರಿಗೂ ಲ್ಯಾಪ್‌ಟಾಪ್ ಮದ್ದಲ್ಲ, ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನ್ಸುತ್ತೆ ಅನ್ನೋರು ಮೊದಲು ಡಾಕ್ಟರ್ ನೋಡ್ಬೇಕು, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದ್ರೆ ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡ್ಬೇಕಾಗಿಲ್ಲ.

ಮೇಷ್ಟ್ರು ಇವತ್ತಿಗೂ ಆ ಪ್ಯಾನೆಲ್ ಅಷ್ಟಾಗಿ ಮುಟ್ಟಲ್ಲ. ಮಗಳ ಹಳೇ ಲ್ಯಾಪ್‌ಟಾಪನ್ನ ಮೇಜಿನ ಮೇಲಿಟ್ಟು ಮಕ್ಕಳನ್ನ ಸುತ್ತ ನಿಲ್ಲಿಸಿ ಬಿಂದು ಎಳೆಸ್ತಾರೆ. ಮೊದಲು ಗಂಡುಮಕ್ಕಳೇ ಮೌಸ್ ಕಿತ್ಕೊಳ್ತಿದ್ರಂತೆ, ಹೆಣ್ಣುಮಕ್ಕಳು ಹಿಂದೆ. ಅದನ್ನ ಅವರೇ ಗಮನಿಸಿ, ಹಾಜರಿ ಪುಸ್ತಕದ ಪ್ರಕಾರ ಒಬ್ಬೊಬ್ಬರನ್ನೇ ಕರೀತಾರೆ, ಬೇರೆ ಯಾರೂ ಮುಟ್ಟೋ ಹಾಗಿಲ್ಲ. ನಾನು ಹೇಳಿಕೊಟ್ಟಿದ್ದಲ್ಲ ಅದು. ವಿಆರ್‌ಎಸ್ ಮಾತು ಸದ್ಯಕ್ಕೆ ಎತ್ತಿಲ್ಲ.

ಈಗ ಹೊಸ ಗಲಾಟೆ, ಹಾಗೆ ಒಬ್ಬೊಬ್ಬರನ್ನೇ ಕರೆದ್ರೆ ಪಿರಿಯಡ್ ಸಾಲಲ್ಲ, ಪೋರ್ಷನ್ ಹಿಂದೆ ಬಿದ್ದಿದೆ ಅಂತ ಹೆಡ್ ಮಾಸ್ಟರ್ ಗೊಣಗ್ತಿದಾರಂತೆ. ಅವರು ಹೇಳೋದ್ರಲ್ಲೂ ಅರ್ಥ ಇದೆ. ಎಲ್ಲಾ ಪಾಠಕ್ಕೂ ಬೇಡ, ತಿಂಗಳಿಗೊಂದು ಪಾಠಕ್ಕೆ ಸಾಕು ಅಂತ ಮೇಷ್ಟ್ರಿಗೆ ಹೇಳಿದೀನಿ, ಅವರು ಎರಡಕ್ಕೆ ಚೌಕಾಸಿ ಮಾಡ್ತಿದಾರೆ.